ಎಲ್ಲರೂ ನಿಲ್ಲಿಸಿದ ಮೇಲೆ ಪಿಟೀಲಿನ ಹುಡುಗಿ ಒಬ್ಬಳೇ ನುಡಿಸಿದಳಲ್ಲ, ಅದು ಸ್ವಂತದ್ದೋ ಬರೆದಿಟ್ಟದ್ದೋ?

ರಿವೈಂಡಿಂಗ್ ಅಂಗಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಒಂದೇ ಸಾಲಿನದು. ಆದರೆ ಹಿಂದಿನ ಕಥೆ ಹೇಳದೆ ಕೇಳಿದರೆ ತಲೆಬುಡ ತಿಳಿಯಲ್ಲ. ಪುರುಸೊತ್ತಿಲ್ಲದವರು ಸೀದಾ ಕೊನೆಯ ಪ್ಯಾರಾಕ್ಕೆ ಹೋಗಿ, ಬೇಜಾರಿಲ್ಲ.

ನನಗೆ 61 ವರ್ಷ. ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್‌ವೆಲ್ ಮೋಟಾರು, ಗಿರಣಿ ಮೋಟಾರು, ಮಿಕ್ಸಿ, ಸುಟ್ಟು ಬಂದದ್ದನ್ನೆಲ್ಲ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡೋದು ಕೆಲಸ. ಅದರ ಜೊತೆಗೇ ಸುಮಾರು ಹದಿನೈದು ವರ್ಷ ಊರಿನ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುತ್ತಿದ್ದೆ. ಆರ್ಕೆಸ್ಟ್ರಾ ಅಂದರೆ ನಮ್ಮೂರ ಆರ್ಕೆಸ್ಟ್ರಾ. ಗಣಪತಿ ಹಬ್ಬ, ದುಗ್ಗಮ್ಮನ ಜಾತ್ರೆ, ರಾಜ್ಯೋತ್ಸವ. ಇಬ್ಬರು ಹಾಡುವವರು, ಒಂದು ಅಕಾರ್ಡಿಯನ್, ತಬಲಾ, ಢೋಲಕ್, ಒಂದು ಟ್ರಂಪೆಟ್, ಮೂಲೆಯಲ್ಲಿ ನಾನು. ಚಿಕ್ಕಂದಿನಲ್ಲಿ ಮೇಷ್ಟ್ರ ಹತ್ತಿರ ಜೂನಿಯರ್ ಪರೀಕ್ಷೆ ತನಕ ಕಲಿತಿದ್ದೆ, ಅಷ್ಟೇ ಬಂಡವಾಳ. ಆಮೇಲೆ ಕೀಬೋರ್ಡ್ ಬಂತು. ಅದರಲ್ಲಿ ಸ್ಟ್ರಿಂಗ್ಸ್ ಅಂತ ಒಂದು ಬಟನ್. ಒತ್ತಿದರೆ ಇಪ್ಪತ್ತು ಪಿಟೀಲು ಒಟ್ಟಿಗೆ ಕುಯ್ದ ಹಾಗೆ ಕೇಳುತ್ತಿತ್ತು. ಬಟನ್ ಒತ್ತಿದರೆ ಇಪ್ಪತ್ತು ಸಿಗುವಾಗ ಮೂಲೆಯಲ್ಲಿರೋ ಒಬ್ಬನಿಗೆ ಯಾರು ದುಡ್ಡು ಕೊಡುತ್ತಾರೆ? ಯಾರೂ ಬೇಡ ಅನ್ನಲಿಲ್ಲ. ಸುಮ್ನೆ ಕರೆಯೋದು ಬಿಟ್ಟರು.

ಹೋದ ತಿಂಗಳು ಮಗನ ಮನೆಗೆ ಮುಂಬೈಗೆ ಹೋಗಿದ್ದೆವು. ಅವನು ನನಗೆ ಹೇಳದೇ ಮೂರು ಟಿಕೆಟ್ ತೆಗೆದಿದ್ದ. 'ಅಪ್ಪಾ, ನಿಜವಾದ ಆರ್ಕೆಸ್ಟ್ರಾ ತೋರಿಸ್ತೀನಿ ಬಾ' ಅಂದ. ನನಗೆ ಸ್ವಲ್ಪ ಚುರುಕ್ ಅಂತು. ಹಾಗಾದರೆ ನಮ್ಮದೇನು ಸುಳ್ಳು ಆರ್ಕೆಸ್ಟ್ರಾನಾ? ಏನೂ ಅನ್ನಲಿಲ್ಲ. ನಮ್ಮ ಮನೆಯವರು ಬ್ಯಾಗಿನಲ್ಲಿ ಊರಿಂದ ತಂದಿದ್ದ ಖಾರಮಂಡಕ್ಕಿ ಇಟ್ಟುಕೊಂಡಿದ್ದರು. ಅದನ್ನು ಹಾಲ್‌ನವರು ಬಾಗಿಲಲ್ಲೇ ಇರಿಸಿಕೊಂಡರು.

ಒಳಗೆ ಹೋಗಿ ಕೂತೆ. ನಾನು ಮೊದಲು ಹುಡುಕಿದ್ದು ಮೈಕು. ಒಂದೂ ಇಲ್ಲ. ಸ್ಪೀಕರ್ ಬಾಕ್ಸೂ ಇಲ್ಲ. ಸಾವಿರ ಜನ ಕೂರುವ ಹಾಲ್, ಮೈಕ್ ಇಲ್ಲದೆ ಹಿಂದಿನ ಸಾಲಿಗೆ ಏನು ಕೇಳಿಸುತ್ತೆ ಅಂತ ಮಗನನ್ನು ಕೇಳಿದೆ. ತಾಳು ಅಂದ. ಅರವತ್ತಕ್ಕೂ ಜಾಸ್ತಿ ಜನ ಬಂದು ಕೂತರು. ಓಬೋ ಅಂತ ನಾಗಸ್ವರದ ಪುಟ್ಟ ತಮ್ಮನ ಹಾಗಿರೋ ವಾದ್ಯದವರು ಒಂದು ಸ್ವರ ಹಿಡಿದರು. ಎಲ್ಲರೂ ಅದಕ್ಕೆ ಶ್ರುತಿ ಮಾಡಿಕೊಂಡರು. ಆ ಗದ್ದಲವೇ ನನಗೆ ಸಾಕಾಗಿತ್ತು, ನಿಜ ಹೇಳ್ತೀನಿ.

ಆವತ್ತಿನದು ಬೀಥೋವನ್‌ನ ವಯಲಿನ್ ಕಾನ್ಸರ್ಟೋ, ಅಂದರೆ ಒಂದು ಪಿಟೀಲು ಮುಂದೆ ನಿಂತು ಇಡೀ ಆರ್ಕೆಸ್ಟ್ರಾ ಜೊತೆ ನುಡಿಸೋ ಕೃತಿ. ಪಿಟೀಲಿನ ಹುಡುಗಿಗೆ ಮೂವತ್ತು ಇರಬಹುದು. ಬಂದು ನಿಂತರು. ಶುರುವಾಗಿದ್ದು ಪಿಟೀಲಿಂದ ಅಲ್ಲ, ನಗಾರಿಯಿಂದ. ಮೆತ್ತಗೆ ನಾಲ್ಕು ಪೆಟ್ಟು, ಐದನೇ ಪೆಟ್ಟಿಗೆ ಓಬೋ ಕಡೆಯವರು ಸೇರಿಕೊಂಡರು. ಆಮೇಲೆ ಮೂರು ನಿಮಿಷ ಆ ಹುಡುಗಿ ಏನೂ ನುಡಿಸಲೇ ಇಲ್ಲ! ಪಿಟೀಲು ಕಂಕುಳಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಹೈಸ್ಕೂಲ್ ಮೈದಾನದಲ್ಲಾಗಿದ್ದರೆ ಜನ ಇಷ್ಟೊತ್ತಿಗೆ ಶಿಳ್ಳೆ ಹೊಡೆಯುತ್ತಿದ್ದರು. ಆ ಮೂರು ನಿಮಿಷ ನಾನು ಉಳಿದವರ ಕಮಾನುಗಳನ್ನೇ ನೋಡಿದೆ. ಎಡಗಡೆ ಹನ್ನೆರಡು ಹದಿನಾಲ್ಕು ಕಮಾನು, ಎಲ್ಲ ಒಂದೇ ಶಾಫ್ಟಿಗೆ ಕೂರಿಸಿದ ಹಾಗೆ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಕೀಬೋರ್ಡಿನ ಬಟನ್ ಏನು ಕಳೆದುಕೊಂಡಿತ್ತು ಅಂತ ಆಗ ಗೊತ್ತಾಯ್ತು. ಹದಿನಾಲ್ಕೂ ಒಂದೇ ಸ್ವರ, ಆದರೆ ಹದಿನಾಲ್ಕು ಕೈ. ಆ ಚೂರುಪಾರು ವ್ಯತ್ಯಾಸವೇ ದನಿಗೆ ಮೈ ತುಂಬಿಸುತ್ತೆ.

ಈಗ ಪ್ರಶ್ನೆ. ಮೊದಲ ಭಾಗ ಮುಗಿಯೋ ಹೊತ್ತಿಗೆ ಎಲ್ಲರೂ ಜೋರಾಗಿ ಬಂದು, ವಾಕ್ಯ ಅರ್ಧಕ್ಕೆ ಬಿಟ್ಟ ಹಾಗೆ ನಿಂತುಬಿಟ್ಟರು. ಕೋಲು ಆಡಿಸುವವರು ಕೈ ಇಳಿಸಿದರು. ಚೆಲ್ಲೋ ಅನ್ನೋ ದೊಡ್ಡ ಪಿಟೀಲಿನವರು ಕಮಾನನ್ನು ತೊಡೆ ಮೇಲಿಟ್ಟುಕೊಂಡರು. ಹುಡುಗಿ ಒಬ್ಬಳೇ ಮೂರು ನಾಲ್ಕು ನಿಮಿಷ ನುಡಿಸಿದಳು. ಒಂದು ಕಡೆಯಂತೂ ಒಂದೇ ಪಿಟೀಲಿನಲ್ಲಿ ಎರಡು ಹಾಡು ಒಟ್ಟಿಗೆ ಬಂದವು. ಕೊನೆಗೆ ಒಂದು ಸ್ವರವನ್ನು ನಡುಗಿಸುತ್ತಾ ನಿಲ್ಲಿಸಿದಳು. ಆಗ ಉಳಿದವರು ಬಂದರು. ಜೋರಾಗಿ ಅಲ್ಲ, ಕಮಾನು ಬಿಟ್ಟು ಬೆರಳಲ್ಲಿ ತಂತಿ ಮೀಟುತ್ತಾ. ಅದರ ಮೇಲೆ ಆಕೆ ದಪ್ಪ ತಂತಿಗಳಲ್ಲಿ ಒಂದು ಹಾಡು ಎತ್ತಿಕೊಂಡಳು ನೋಡ್ರಿ, ನನಗೆ ಗಂಟಲು ಕಟ್ಟಿತು. ಆ ಭಾಗ ಮುಗಿದ ತಕ್ಷಣ ಚಪ್ಪಾಳೆ ತಟ್ಟಿಬಿಟ್ಟೆ. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದರು. ಮಗ ತೋಳು ಎಳೆದ. ಆ ಒಬ್ಬಳೇ ನುಡಿಸಿದ್ದು ನಮ್ಮ ಕಚೇರಿಯ ಕಲ್ಪನಾಸ್ವರದ ಥರ ಆಗಿಂದಾಗಲೇ ಹುಟ್ಟಿದ್ದಾ? ಬಾಯಿಪಾಠ ಮಾಡಿದ್ದಾ? ಮಗನನ್ನು ಕೇಳಿದರೆ ಗೂಗಲ್ ಮಾಡು ಅಂತಾನೆ.

ಹರಿಹರದ ಸೇತುವೆ

ಅಣ್ಣ, ಇಷ್ಟು ಚೆನ್ನಾಗಿ ನೋಡಿಕೊಂಡು ಬಂದವರಿಗೆ ಉತ್ತರ ಹೇಳೋದು ಖುಷಿ. ನಾನು ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಪಾಶ್ಚಾತ್ಯ ಪಿಟೀಲು ಕಲಿಯುತ್ತಿದ್ದೇನೆ. ಕಚೇರಿ ಮಟ್ಟ ಅಲ್ಲ, ಪಕ್ಕದ ಮನೆಯವರು ಬೈಯದಷ್ಟು.

ಉತ್ತರ: ಬರೆದಿಟ್ಟದ್ದು. ಆದರೆ ಬೀಥೋವನ್ ಬರೆದದ್ದಲ್ಲ! ಆ ಜಾಗಕ್ಕೆ ಕೆಡೆನ್ಜಾ ಅಂತಾರೆ. ಅವನು ಈ ಕಾನ್ಸರ್ಟೋ ಬರೆದದ್ದು 1806ರಲ್ಲಿ. ಆ ಕಾಲದಲ್ಲಿ ಆರ್ಕೆಸ್ಟ್ರಾ ನಿಲ್ಲಬೇಕಾದ ಜಾಗದಲ್ಲಿ ಒಂದು ಗುರುತು ಹಾಕಿ ಬಿಡುತ್ತಿದ್ದರು. ಅಲ್ಲಿ ಏನು ನುಡಿಸಬೇಕು ಅನ್ನೋದು ನುಡಿಸುವವರ ತಲೆನೋವು. ಹಾಗಾಗಿ ಮೂಲದಲ್ಲಿ ನೀವು ಅಂದುಕೊಂಡದ್ದು ಸರಿ, ಅದು ಮನೋಧರ್ಮದ, ಅಂದರೆ ಆಗಿಂದಾಗಲೇ ಹುಟ್ಟಿಸಿ ನುಡಿಸೋ ಜಾಗವೇ. ಬರ್ತಾ ಬರ್ತಾ ಜನ ತಮ್ಮ ಕೆಡೆನ್ಜಾ ಬರೆದಿಟ್ಟುಕೊಂಡರು, ಮುಂದಿನವರು ಅದನ್ನೇ ಕಲಿತರು. ಬರೆಯುವವರಿಗೂ ನುಡಿಸುವವರ ಮೇಲೆ ನಂಬಿಕೆ ಕಮ್ಮಿಯಾಯ್ತು ಅನ್ಸುತ್ತೆ. ಇದೇ ಬೀಥೋವನ್ ತನ್ನ ಐದನೇ ಪಿಯಾನೋ ಕಾನ್ಸರ್ಟೋದಲ್ಲಿ 'ಇಲ್ಲಿ ಕೆಡೆನ್ಜಾ ಬೇಡ, ಸೀದಾ ಮುಂದೆ ಹೋಗಿ' ಅಂತ ಬರೆದೇ ಬಿಟ್ಟ. ಆಮೇಲೆ ಬಂದ ಮೆಂಡೆಲ್ಸನ್ ಅನ್ನೋ ಸಂಗೀತಕಾರ ಅಂತೂ ತನ್ನ ಇ ಮೈನರ್ ವಯಲಿನ್ ಕಾನ್ಸರ್ಟೋದಲ್ಲಿ ಕೆಡೆನ್ಜಾವನ್ನು ಪೂರ್ತಿ ತಾನೇ ಬರೆದು, ಕೊನೆಯಲ್ಲಿ ಬರಬೇಕಾದದ್ದನ್ನು ಮಧ್ಯಕ್ಕೆ ತಂದ.

ಎರಡು ಹಾಡು ಒಟ್ಟಿಗೆ ಬಂದವು ಅಂದಿರಲ್ಲ, ಅದರಿಂದ ಆಕೆ ನುಡಿಸಿದ್ದು ಫ್ರಿಟ್ಸ್ ಕ್ರೈಸ್ಲರ್ ಬರೆದ ಕೆಡೆನ್ಜಾ ಅಂತ ನನ್ನ ಅಂದಾಜು. 1875ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಪಿಟೀಲುಗಾರ. ಮೊದಲ ಭಾಗದ ಎರಡು ಮುಖ್ಯ ಹಾಡುಗಳನ್ನು ಒಂದರ ಮೇಲೊಂದು ಕೂರಿಸಿದ್ದಾನೆ. ಇವತ್ತು ಜಾಸ್ತಿ ಜನ ನುಡಿಸೋದು ಅದನ್ನೇ. ಯೋಆಕಿಮ್ ಅನ್ನೋ ಹಳೆಯ ಪಿಟೀಲುಗಾರ ಬರೆದದ್ದೂ ಇದೆ. ಜೋಶುವಾ ಬೆಲ್ ಥರದ ಈಗಿನ ಪಿಟೀಲುಗಾರರು ತಮ್ಮದೇ ನುಡಿಸುತ್ತಾರೆ. ಇನ್ನೊಂದು ತಮಾಷೆ. ಬೀಥೋವನ್ ಇದನ್ನೇ ಪಿಯಾನೋಗೆ ಬದಲಾಯಿಸಿಕೊಟ್ಟಾಗ ಮಾತ್ರ ಕೆಡೆನ್ಜಾ ಬರೆದ. ಅದರಲ್ಲಿ ಪಿಯಾನೋ ಜೊತೆ ನಗಾರಿಯನ್ನೂ ಸೇರಿಸಿದ, ನೀವು ಶುರುವಿನಲ್ಲಿ ಕೇಳಿದ ಅದೇ ನಗಾರಿ.

ನಿಮಗೆ ಗಂಟಲು ಕಟ್ಟಿದ ಜಾಗ ಇದೆಯಲ್ಲ, ಅದು ಸುಮ್ನೆ ಆಗಿದ್ದಲ್ಲ. ಆ ಹಾಡನ್ನು ಅಲ್ಲಿವರೆಗೂ ಆರ್ಕೆಸ್ಟ್ರಾದವರೇ ನುಡಿಸಿರುತ್ತಾರೆ. ಸೋಲೋ ಪಿಟೀಲು ಅದರ ಸುತ್ತಮುತ್ತ ಓಡಾಡಿಕೊಂಡಿರುತ್ತೆ. ಪೂರ್ತಿಯಾಗಿ ಅದರ ಕೈಗೆ ಸಿಗೋದು ಕೆಡೆನ್ಜಾ ಮುಗಿದ ಮೇಲೇ. ಇಪ್ಪತ್ತು ನಿಮಿಷ ಕಾಯಿಸಿ ಕೊಡ್ತಾನೆ ಪುಣ್ಯಾತ್ಮ.

ಚಪ್ಪಾಳೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಧ್ಯೆ ತಟ್ಟಬಾರದು ಅನ್ನೋದು ಆಮೇಲೆ ಬಂದ ಶಿಸ್ತು. 1778ರಲ್ಲಿ ಮೊಜಾರ್ಟ್ ಪ್ಯಾರಿಸ್‌ನಿಂದ ಅಪ್ಪನಿಗೆ ಕಾಗದ ಬರೆದು, ಮೊದಲ ಭಾಗ ನಡೀತಿರುವಾಗಲೇ ಜನ ಚಪ್ಪಾಳೆ ತಟ್ಟಿದರು ಅಂತ ಹಿಗ್ಗಿದ್ದಾನೆ. 1806ರ ಡಿಸೆಂಬರ್ 23ರಂದು ವಿಯೆನ್ನಾದಲ್ಲಿ ಈ ಕಾನ್ಸರ್ಟೋ ಮೊದಲ ಸಲ ನುಡಿಸಿದ್ದು ಫ್ರಾಂಜ್ ಕ್ಲೆಮೆಂಟ್. ಅವನು ಅದೇ ರಾತ್ರಿ ಪಿಟೀಲನ್ನು ತಲೆಕೆಳಗು ಹಿಡಿದು ಒಂದೇ ತಂತಿಯಲ್ಲಿ ತನ್ನದೊಂದು ಐಟಂ ಬಾರಿಸಿದನಂತೆ. ನಮ್ಮ ಗಣಪತಿ ಪೆಂಡಾಲಿಗೂ ಆವತ್ತಿನ ವಿಯೆನ್ನಾಕ್ಕೂ ಅಂಥ ದೂರ ಏನಿಲ್ಲ.

ಬೆಣ್ಣೆ ಜಾಸ್ತಿ ಹಾಕಿ

ಇಷ್ಟುದ್ದ ಪಿಟೀಲು ಕುಯ್ದದ್ದಕ್ಕೆ ಇಬ್ಬರಿಗೂ ನಮಸ್ಕಾರ. ನನ್ನದು ಒಂದೇ ಪ್ರಶ್ನೆ. ಬಾಗಿಲಲ್ಲಿ ಇರಿಸಿಕೊಂಡ ಖಾರಮಂಡಕ್ಕಿ ವಾಪಸ್ ಸಿಕ್ತಾ?

ರಿವೈಂಡಿಂಗ್ ಅಂಗಡಿ, ದಾವಣಗೆರೆ

ಸಿಕ್ತು ತಮ್ಮಾ. ಮೆತ್ತಗಾಗಿತ್ತು. ಸಮುದ್ರದ ಗಾಳಿ. ಆದರೂ ಸಮುದ್ರದ ಕಟ್ಟೆ ಮೇಲೆ ಕೂತು ತಿಂದೆವು.

ಸೇತುವೆಯವರೇ, ದೊಡ್ಡ ಉಪಕಾರ. ಆದರೆ ಸ್ವಲ್ಪ ಬೇಸರವೂ ಆಯ್ತು. ಬೇರೆಯವರು ಬರೆದದ್ದನ್ನು ಬಾಯಿಪಾಠ ಮಾಡಿ ನುಡಿಸೋದಕ್ಕೆ ಅರವತ್ತು ಜನ ಕಮಾನು ಕೆಳಗಿಟ್ಟು ಕಾಯಬೇಕಾ? ಹಾಗಿದ್ದರೆ ಎಲ್ಲರೂ ಸೇರಿ ಮುಂದಕ್ಕೆ ಹೋಗಬಹುದಿತ್ತಲ್ಲ.

ಏಳು ಸುತ್ತು, ಚಿತ್ರದುರ್ಗ

ಯಜಮಾನ್ರೆ, ನಾನು ಮೃದಂಗದವನು. ಒಂದು ತಕರಾರು ಎತ್ತುತ್ತೇನೆ. ನೀವಿಬ್ಬರೂ ಕಲ್ಪನಾಸ್ವರಕ್ಕೆ ಹೋಲಿಸಿದ್ದು ನನಗೆ ಒಪ್ಪಿಗೆಯಿಲ್ಲ. ಕಲ್ಪನಾಸ್ವರದಲ್ಲಿ ಪಕ್ಕವಾದ್ಯ ನಿಲ್ಲುತ್ತಾ? ನಾನು ನಿಲ್ಲಿಸಿದರೆ ಹಾಡುವವರು ನನ್ನನ್ನು ವೇದಿಕೆ ಮೇಲೇ ತಿನ್ನುತ್ತಾರೆ. ಎಲ್ಲರೂ ಕೈ ಕಟ್ಟಿ ಕೂತು ಒಬ್ಬರಿಗೆ ಜಾಗ ಬಿಡೋದು ಕಚೇರಿಯಲ್ಲಿ ಒಂದೇ ಕಡೆ, ಮೃದಂಗದವರು ಒಬ್ಬರೇ ನುಡಿಸೋ ತನಿ ಆವರ್ತನದಲ್ಲಿ.

ತನಿಯಲ್ಲಿ ನಾನು ನುಡಿಸೋದೆಲ್ಲ ಆಗಿಂದಾಗಲೇ ಹುಟ್ಟುತ್ತೆ ಅಂತ ಹೇಳಿದರೆ ಅದು ಸುಳ್ಳು. ತನಿ ಮುಗಿಯೋ ಮುಂಚೆ ಬರೋ ಮೋಹರ ಪಾಠಾಂತರದಿಂದ ಬಂದದ್ದು. ಅದಾದ ಮೇಲೆ ಮುಕ್ತಾಯಕ್ಕೆ ನುಡಿಸೋ ಕೋರ್ವೆಗಳಲ್ಲಿ ಅರ್ಧಕ್ಕರ್ಧ ಗುರುಗಳು ಹೇಳಿಕೊಟ್ಟದ್ದು, ಅವರಿಗೆ ಅವರ ಗುರುಗಳು. ಆದರೂ ನಾನು ನುಡಿಸಿದರೆ ನನ್ನದು. ಹಾಗಾಗಿ ಆ ಹುಡುಗಿ ಕ್ರೈಸ್ಲರ್‌ದು ನುಡಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಬರಹದಲ್ಲಿ ನನಗೆ ಥಟ್ಟನೆ ಹೊಳೆದದ್ದು ಬೇರೆ. 'ಒಂದು ಸ್ವರವನ್ನು ನಡುಗಿಸುತ್ತಾ ನಿಲ್ಲಿಸಿದಳು, ಆಗ ಉಳಿದವರು ಬಂದರು' ಅಂತ ಬರೆದಿದ್ದೀರಿ. ಅದೇ ನಮ್ಮ ಕೋರ್ವೆ! ಮೋಹರ ಶುರುವಾದ ಕೂಡಲೇ ಹಾಡುವವರು ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ತೊಡೆ ಮೇಲೆ ತಾಳ ಗಟ್ಟಿ ಹಾಕುತ್ತಾರೆ. ಕೋರ್ವೆ ಮೂರು ಸಲ ಬರುತ್ತೆ. ಮೂರನೆಯದು ಮುಗಿದ ಜಾಗಕ್ಕೇ ಪಲ್ಲವಿ ಎತ್ತಿಕೊಳ್ಳಬೇಕು. ಒಂದಕ್ಷರ ತಪ್ಪಿದರೆ ಕಚೇರಿ ಕೆಟ್ಟಿತು. ನಡುವೆ ಏನು ಬೇಕಾದರೂ ಮಾಡಿ, ವಾಪಸ್ ಬರೋ ಬಾಗಿಲು ಎಲ್ಲಿದೆ ಅಂತ ಉಳಿದವರಿಗೆ ತೋರಿಸಿಬಿಡಿ. ಅಷ್ಟೇ ಒಪ್ಪಂದ.

ಹರಿಹರದ ಸೇತುವೆ

ತಕರಾರು ಒಪ್ಪಿದೆ ಸರ್. ಆ ನಡುಗಿಸೋದಕ್ಕೆ ಟ್ರಿಲ್ ಅಂತಾರೆ. ಪಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಅದಲುಬದಲು ಮಾಡೋದು. ಕೆಡೆನ್ಜಾ ಕೊನೆಯ ಟ್ರಿಲ್ ಕೇಳಿದ ಕೂಡಲೇ ಕೋಲಿನವರು ಕೈ ಎತ್ತುತ್ತಾರೆ. ನೂರಾರು ವರ್ಷದ ಸಂಕೇತ. ಈ ಕೋರ್ವೆ ಹೋಲಿಕೆ ನನ್ನ ಟೀಚರ್‌ಗೆ ಹೇಳಲೇಬೇಕು.

ಪುಸ್ತಕದ ಪೆಟ್ಟಿಗೆ

ಅಣ್ಣಾವ್ರೆ, ಒಂದೆರಡು ಮಾತು ನನ್ನದೂ ಇರಲಿ. ಮೈಕ್ ಇಲ್ಲದ ಹಾಲ್ ಅಂದಾಗ ನನಗೆ ಪಿಟೀಲು ಚೌಡಯ್ಯನವರು ನೆನಪಾದರು. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಕೇಳಲ್ಲ ಅಂತ ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹಾಕಿಸಿದವರು. ಅವರು ಒಬ್ಬರೇ ತಂತಿ ಜಾಸ್ತಿ ಮಾಡಿಕೊಂಡರು, ಅಲ್ಲಿಯವರು ಜನ ಜಾಸ್ತಿ ಮಾಡಿಕೊಂಡರು.

ಇದಕ್ಕೂ ನಮ್ಮ ಮೈಸೂರಿಗೂ ನಂಟಿದೆ. ಜಯಚಾಮರಾಜ ಒಡೆಯರ್ ಅವರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ದುಡ್ಡು ಕೊಟ್ಟು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ತನ್ನ ಕಾಲ ಮೇಲೆ ನಿಲ್ಲುವ ಹಾಗೆ ಮಾಡಿದವರಲ್ಲಿ ಒಬ್ಬರು. ಅದೇ ಫಿಲ್ಹಾರ್ಮೋನಿಯಾ ಜೊತೆ ಯೆಹೂದಿ ಮೆನುಹಿನ್ ಅನ್ನೋ ದೊಡ್ಡ ಪಿಟೀಲುಗಾರರು 1953ರಲ್ಲಿ ನೀವು ಕೇಳಿದ ಇದೇ ಬೀಥೋವನ್ ಕಾನ್ಸರ್ಟೋ ರೆಕಾರ್ಡ್ ಮಾಡಿದರು. ಕೋಲು ಆಡಿಸಿದವರು ಫುರ್ಟ್‌ವೆಂಗ್ಲರ್. ಯೂಟ್ಯೂಬ್‌ನಲ್ಲಿ ಹುಡುಕಿ, ಅಂಗಡಿ ಮುಚ್ಚಿದ ಮೇಲೆ ಕೇಳಿ. ಮೋಟಾರ್ ಸದ್ದಿನಲ್ಲಿ ಬೇಡ, ಶುರುವಿನ ನಗಾರಿ ಕೇಳಿಸಲ್ಲ.

ಈ ಮೆನುಹಿನ್‌ಗೆ ಯೋಗ ಹೇಳಿಕೊಟ್ಟವರು ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. 1952ರಲ್ಲಿ ಮುಂಬೈಯಲ್ಲಿ ಭೇಟಿ. ಆಮೇಲೆ ಮೆನುಹಿನ್ ಅಯ್ಯಂಗಾರರಿಗೆ ಒಂದು ವಾಚ್ ಕೊಟ್ಟು, ಹಿಂದೆ 'ನನ್ನ ಅತ್ಯುತ್ತಮ ಪಿಟೀಲು ಗುರುಗಳಿಗೆ' ಅಂತ ಕೆತ್ತಿಸಿದ್ದರು. ಅಯ್ಯಂಗಾರ್ ಪಿಟೀಲು ಮುಟ್ಟಿದವರಲ್ಲ!

ರಿವೈಂಡಿಂಗ್ ಅಂಗಡಿ, ದಾವಣಗೆರೆ

ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ಬೇಸಿಗೆ, ಬೋರ್‌ವೆಲ್ ಮೋಟಾರು ಸಾಲಾಗಿ ಬಂದು ಬಿದ್ದಿವೆ. ಅಕ್ಕಾವ್ರು ಹೇಳಿದ ಮೆನುಹಿನ್ ರೆಕಾರ್ಡ್ ರಾತ್ರಿ ಕೇಳಿದೆ, ಎರಡು ಸಲ.

ದುರ್ಗದವರ ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ಯಾಕೆ ಅಂತ ಹೇಳ್ತೀನಿ. ಎಂಬತ್ತರ ದಶಕದ ಕೊನೆಯ ಒಂದು ಗಣಪತಿ ಹಬ್ಬ. ಹೈಸ್ಕೂಲ್ ಮೈದಾನ, ಜನವೋ ಜನ. ಒಂದು ಹಾಡಿನ ಮಧ್ಯೆ ಪಿಟೀಲಿಗೆ ಎಂಟು ಆವರ್ತದ ತುಣುಕು ಇತ್ತು, ಇಡೀ ರಾತ್ರಿಯಲ್ಲಿ ನನಗೆ ಅಂತ ಇದ್ದದ್ದು ಅದೊಂದೇ. ಅದನ್ನು ಶುರು ಮಾಡಿದೆ, ಕರೆಂಟ್ ಹೋಯ್ತು. ಮೈಕ್ ಸತ್ತಿತು, ಲೈಟ್ ಸತ್ತಿತು. ಅಕಾರ್ಡಿಯನ್ನಿನವರು ನಿಲ್ಲಿಸಿದರು, ತಬಲಾದವರು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಎಂಟು ಆವರ್ತ ಮುಗಿಯಿತು, ಮುಂದೆ ಹೋದೆ. ಹಾಡು ಮೋಹನ ರಾಗದ ಛಾಯೆಯಲ್ಲಿತ್ತು, ಮೇಷ್ಟ್ರು ಕಲಿಸಿದ್ದ ವರ್ಣದ ಚೂರುಗಳನ್ನೆಲ್ಲ ತುರುಕಿದೆ. ಮುಂದಿನ ಹತ್ತು ಸಾಲಿನವರಿಗೆ ಕೇಳಿಸಿರಬೇಕು. ಅವರು ಸುಮ್ಮನಾದರು, ಅವರನ್ನು ನೋಡಿ ಹಿಂದಿನವರೂ ಸುಮ್ಮನಾದರು. ಕತ್ತಲೆಯಲ್ಲಿ ಅಷ್ಟೊಂದು ಜನ ಉಸಿರು ಬಿಗಿ ಹಿಡಿದಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಆಮೇಲೆ ಜನರೇಟರ್ ಡುಗುಡುಗು ಅಂತ ಹತ್ತಿತು. ಲೈಟ್ ಬಂತು, ಮೈಕ್ ಬಂತು. ಹಾಡುವ ಹುಡುಗಿ ನನ್ನ ಮುಖ ನೋಡಿದಳು, ತಬಲಾದವರು ಹಾಡುವವಳ ಮುಖ ನೋಡಿದರು. ಎಲ್ಲಿ ಎತ್ತಿಕೊಳ್ಳಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಅವಳು ಒಂದು ಕಡೆ ಚರಣ ಹಿಡಿದಳು, ಟ್ರಂಪೆಟ್ ಇನ್ನೊಂದು ಕಡೆ ಹೋಯ್ತು, ನಾನು ಮೋಹನದಲ್ಲೇ ಇದ್ದೆ. ಜನ ಹೋ ಅಂತ ಕೂಗಿದರು.

ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಲೀಡರ್ ಟೆಂಪೋ ಹಿಂದೆ ನಿಲ್ಲಿಸಿಕೊಂಡು ಚೆನ್ನಾಗಿ ಬೈದರು. 'ಬಾರಿಸಿದ್ದಕ್ಕೆ ಬೈತಿಲ್ಲ ಕಣೋ, ಬರೋ ದಾರಿ ತೋರಿಸಬೇಡ್ವೇನೋ' ಅಂದಿದ್ದರು. ಅದು ನನಗೆ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ನನ್ನ ಮೇಲೆ ಹೊಟ್ಟೆಕಿಚ್ಚು ಅಂತಲೇ ಮೂವತ್ತೈದು ವರ್ಷ ಅಂದುಕೊಂಡಿದ್ದೆ. ಅವರು ಈಗಿಲ್ಲ.

ಮೊನ್ನೆ ಭಾನುವಾರ ಅಟ್ಟದಿಂದ ಪಿಟೀಲು ಇಳಿಸಿದೆ. ಕಮಾನಿನ ಕೂದಲು ಅರ್ಧ ಉದುರಿದೆ. ರಾಳ ಕಲ್ಲಾಗಿತ್ತು, ಚಾಕುವಿನಲ್ಲಿ ಕೆರೆದು ಹಚ್ಚಿದೆ. ಬಿರಡೆಗಳು ನಿಲ್ಲುತ್ತಿರಲಿಲ್ಲ, ಸೀಮೆಸುಣ್ಣ ತಿಕ್ಕಿ ಕೂರಿಸಿದೆ. ನಮ್ಮ ಸ-ಪ-ಸ-ಪ ಶ್ರುತಿ ಬಿಟ್ಟು ಅವರ ಥರ ಒಂದು ತಂತಿಯ ಐದನೇ ಸ್ವರ ಮುಂದಿನ ತಂತಿಯದಾಗೋ ಹಾಗೆ ಏರಿಸೋಕೆ ಹೋದೆ, ಸಣ್ಣ ತಂತಿ ಫಟ್ ಅಂತ ಹೋಯ್ತು. ಇರಲಿ, ನನಗೆ ಬೇಕಾದ ಹಾಡು ಇರೋದು ದಪ್ಪ ತಂತಿಗಳಲ್ಲೇ. ಪಿಟೀಲಿನ ತಲೆಯನ್ನು ಪಾದದ ಮೇಲೆ ಇಟ್ಟುಕೊಂಡೇ ನುಡಿಸಿದೆ, ನಿಂತು ಗದ್ದದಲ್ಲಿ ಹಿಡಿಯೋದು ಈ ವಯಸ್ಸಿಗೆ ಆಗಲ್ಲ. ಹಾಡು ಸುಮಾರಾಗಿ ಸಿಕ್ಕಿತು. ಟ್ರಿಲ್ ಮಾತ್ರ ಸಿಗುತ್ತಿಲ್ಲ. ತಂತಿ ಸುತ್ತಿ ಸುತ್ತಿ ಬೆರಳ ತುದಿ ಜಡ್ಡುಗಟ್ಟಿದೆ, ಬೇಗ ಏಳಲ್ಲ.

ಸಂಜೆ ಅರ್ಧ ಗಂಟೆ ಅದೊಂದನ್ನೇ ತಿಕ್ಕಿದೆ. ಅಡುಗೆಮನೆಯಿಂದ ನಮ್ಮ ಮನೆಯವರು ಕೂಗಿ ಕೇಳಿದರು, 'ಏನ್ರೀ, ಯಾರದ್ದು ಆ ಮೋಟಾರು? ಬೇರಿಂಗ್ ಹೋಗಿದೆಯಲ್ಲ?'